ಒಪ್ಪಿಸಪ್ಪನ ಎಂಟು ಕವರು

ಆ ಔಷಧಿ ಅಂಗಡಿಗೆ ಹೋಗಿ ನಾಲ್ಕು ಮಾತ್ರೆ ಕೊಂಡು ಬರುವುದೆಂದರೆ ಸಾಮಾನ್ಯದ ಮಾತಲ್ಲ. ದುಡ್ಡು ಕೊಟ್ಟರೆ ಸಾಲದು, ಪಾಠ ಒಪ್ಪಿಸಬೇಕು. ಕೌಂಟರಿನ ಹಿಂದೆ ನಿಂತ ಮನುಷ್ಯ ಮಾತ್ರೆಯ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ, ಕಂದು ಬಣ್ಣದ ಪುಟ್ಟ ಕಾಗದದ ಕವರಿಗೆ ಹಾಕಿ, ಮೇಲೆ ನೀಲಿ ಪೆನ್ನಿನಲ್ಲಿ ಗುಂಡಗೆ ಬರೆದು ನಿಮ್ಮ ಕಡೆ ಚಾಚುತ್ತಾನೆ. ನೀವು ಕೈ ನೀಡಿದರೆ ಹಿಂದಕ್ಕೆ ಎಳೆದುಕೊಳ್ಳುತ್ತಾನೆ.

“ಹೇಗೆ ತಗೋತೀರಿ, ಒಪ್ಸಿ ನೋಡೋಣ.”

“ನೀವು ಹೇಳಿದ ಹಾಗೇ.”

“ನಾನು ಹೇಗೆ ಹೇಳಿದೆ?”

ಇಲ್ಲಿ ಮುಕ್ಕಾಲು ಪಾಲು ಜನ ತಡವರಿಸುತ್ತಾರೆ. ವಕೀಲರಾಗಲಿ, ಲಾರಿ ಡ್ರೈವರ್ ಆಗಲಿ, ಬ್ಯಾಂಕಿನ ಮ್ಯಾನೇಜರ್ ಆಗಲಿ, ಆ ಕೌಂಟರಿನ ಮುಂದೆ ಎಲ್ಲರೂ ಎರಡನೇ ಕ್ಲಾಸಿನ ಮಕ್ಕಳೇ. “ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟ ಆದ ಮೇಲೆ, ಐದು ದಿನ” ಎಂದು ತಪ್ಪಿಲ್ಲದೆ ಹೇಳಿದವರ ಕೈಗೆ ಕವರು. ತಪ್ಪಿದವರಿಗೆ ಇನ್ನೊಂದು ಸಲ ಪಾಠ, ಇನ್ನೊಂದು ಸಲ ಪರೀಕ್ಷೆ. ಹಿಂದೆ ಸಾಲು ಬೆಳೆದು ಬೀದಿಗೆ ಬಂದರೂ ಅವನಿಗೆ ಚಿಂತೆಯಿಲ್ಲ. ಹೀಗೆ ಮೂವತ್ತೆರಡು ವರ್ಷ ನಡೆದು, ಹೆತ್ತವರು ಇಟ್ಟ ಹೆಸರು ಯಾವತ್ತೋ ಸವೆದುಹೋಗಿ, ಬೀದಿಯ ಬಾಯಲ್ಲಿ ಒಪ್ಪಿಸಪ್ಪ ಎಂಬ ಹೆಸರೇ ನಿಂತಿತು.

ಈ ಚಾಳಿಗೆ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಬಡಗಿಗೆ ಗಂಟಲು ಮುಕ್ಕಳಿಸುವ ಔಷಧಿ ಕೊಟ್ಟಿದ್ದ. ಬಡಗಿ ಅದನ್ನು ಎಂಟು ದಿನ ನಿಷ್ಠೆಯಿಂದ ಕುಡಿದ. ಒಂಬತ್ತನೆಯ ದಿನ ಬಂದು, “ಗಂಟಲು ಪರವಾಗಿಲ್ಲ ಸ್ವಾಮಿ, ಈಗ ಹೊಟ್ಟೆ ಕೆಟ್ಟಿದೆ, ಅದಕ್ಕೇನಾದ್ರೂ ಕೊಡಿ” ಅಂದ. ಬೀದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಇವನು ಮಾತ್ರ ನಗಲಿಲ್ಲ. ಆ ಬಾಟಲಿಯ ಜಾಗದಲ್ಲಿ ಇನ್ಯಾವುದಾದರೂ ಇದ್ದಿದ್ದರೆ ಎಂದು ಅವನ ಎದೆ ಒಂದು ವಾರ ಡವಗುಟ್ಟಿತ್ತು. ಅಂದಿನಿಂದ ಒಪ್ಪಿಸದವರಿಗೆ ಔಷಧಿಯಿಲ್ಲ.

ಒಪ್ಪಿಸುವ ಈ ಕಟ್ಟುನಿಟ್ಟು ಮಾತ್ರ ಅವನ ಸ್ವಂತದ್ದಲ್ಲ, ಅಕ್ಕನಿಂದ ಬಂದದ್ದು. ತಾಯಿ ತೀರಿಕೊಂಡಾಗ ಅವನಿಗೆ ಐದು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪ ಊರೂರು ಸುತ್ತುವ ಕೆಲಸದವನು, ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಕ್ಕ ಪುಸ್ತಕ ಬೈಂಡಿಂಗಿನ ಕೆಲಸಕ್ಕೆ ಸೇರಿದಳು. ಅಚ್ಚಾಗಿ ಬಂದ ದೊಡ್ಡ ಹಾಳೆಗಳನ್ನು ಮಡಚುವುದು, ಮಡಚಿದ ಕಟ್ಟುಗಳನ್ನು ನಂಬರಿನ ಪ್ರಕಾರ ಜೋಡಿಸುವುದು, ಹೊಲಿಯುವುದು, ಅಂಟು ಹಾಕುವುದು. ಒಂದಾದ ಮೇಲೆ ಎರಡು, ಎರಡಾದ ಮೇಲೆ ಮೂರು. ನಡುವೆ ಒಂದು ಬಿಟ್ಟರೂ ಪುಸ್ತಕ ಕೆಟ್ಟಿತು. ನಲವತ್ತು ವರ್ಷ ಆ ಕೆಲಸ ಮಾಡಿದಳು. ಅವಳ ಕೈಯಿಂದ ದಾಟಿದ ಒಂದು ಪುಸ್ತಕದಲ್ಲೂ ಪುಟ ಹಿಂದುಮುಂದಾಗಿರಲಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಬೇರೆಯವರೂ ಅದನ್ನೇ ಹೇಳುತ್ತಿದ್ದರು.

ತಮ್ಮ ಮಧ್ಯಾಹ್ನ ಶಾಲೆಯಿಂದ ನೇರವಾಗಿ ಬೈಂಡಿಂಗ್ ಶೆಡ್ಡಿಗೆ ಓಡಿ ಬರುತ್ತಿದ್ದ. ಅಂಟಿನ ಡಬ್ಬದ ಪಕ್ಕದಲ್ಲಿ ಊಟದ ಡಬ್ಬಿ. ಅದರ ಮುಚ್ಚಳದ ಮೇಲೆ ಅಕ್ಕನ ಅಂಗೈ.

“ಏಳರ ಮಗ್ಗಿ ಒಪ್ಪಿಸು.”

“ಅಕ್ಕ, ಹಸಿವು.”

“ಹಸಿವು ಎಲ್ಲೂ ಓಡಿಹೋಗಲ್ಲ. ಒಪ್ಪಿಸು.”

ಏಳೆಂಟಲ ಐವತ್ತಾರು ಎಂಬಲ್ಲಿ ಅವನು ಪ್ರತಿದಿನ ಎಡವುತ್ತಿದ್ದ. ಹೊಟ್ಟೆ ತಾಳ ಹಾಕುತ್ತಿದ್ದರೂ ಆ ಅಂಗೈ ಮಾತ್ರ ಮಗ್ಗಿ ಮುಗಿಯದೆ ಮೇಲೇಳುತ್ತಿರಲಿಲ್ಲ. ಅವಳ ಸಂಬಳದಲ್ಲೇ ಅವನು ಔಷಧಿ ಶಾಸ್ತ್ರ ಓದಿದ, ಕೆಲಸ ಹಿಡಿದ, ಮದುವೆಯಾದ. ಅಕ್ಕ ಮದುವೆ ಬೇಡವೆಂದಳು. ಯಾಕೆ ಎಂದು ಕೇಳುವ ಎದೆಗಾರಿಕೆ ಇವನಿಗೆ ಆಗಲೂ ಇರಲಿಲ್ಲ, ಐವತ್ತೆಂಟು ವರ್ಷವಾದ ಈಗಲೂ ಇಲ್ಲ. ಅವಳಿಗೆ ಈಗ ಎಪ್ಪತ್ತೊಂದು. ಇವನ ಮನೆಯ ಮಹಡಿಯ ಕೋಣೆಯಲ್ಲಿ ತನ್ನದೇ ಒಲೆ, ತನ್ನದೇ ಅಂಟಿನ ಡಬ್ಬ, ತನ್ನದೇ ಕಾನೂನು ಇಟ್ಟುಕೊಂಡು ನೆರೆಯವರ ಹರಿದ ಪುಸ್ತಕಗಳಿಗೆ ಬೈಂಡು ಹಾಕಿಕೊಂಡಿದ್ದಾಳೆ. ಕೆಳಗಿಳಿದು ಬಂದು ಇರಿ ಅತ್ತಿಗೆ ಎಂದು ಇವನ ಹೆಂಡತಿ ವರ್ಷಕ್ಕೊಂದು ಸಲ ಕರೆಯುತ್ತಾಳೆ. ವರ್ಷಕ್ಕೊಂದು ಸಲ ಬೈಸಿಕೊಳ್ಳುತ್ತಾಳೆ.

ಆ ವರ್ಷ ಚಳಿ ಕಾಲಿಡುವ ಹೊತ್ತಿಗೆ ಅಕ್ಕನಿಗೆ ಮೊಣಕಾಲು ನೋವು ಹೆಚ್ಚಾಯಿತು. ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ ತಳ ಕಂಡಿತ್ತು. ಮಹಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಂಟು ಕಲಸುವವಳಿಗೆ ಬಿಸಿಲೆಲ್ಲಿಂದ ಬರಬೇಕು? ವಾರಕ್ಕೊಂದರಂತೆ ಎಂಟು ವಾರಕ್ಕೆ ಎಂಟು ದೊಡ್ಡ ಮಾತ್ರೆ ಬರೆದುಕೊಟ್ಟರು. ಅಕ್ಕ ಮೆಟ್ಟಿಲಿಳಿದು ಹೊರಗೆ ಹೋದ ಮೇಲೆ ಒಪ್ಪಿಸಪ್ಪನನ್ನು ನಿಲ್ಲಿಸಿಕೊಂಡು ಒಂದು ಮಾತು ಹೇಳಿದರು.

“ನೋಡಿ, ಇವರಿಗೆ ಮೊದಲು ಕಿಡ್ನಿಯಲ್ಲಿ ಕಲ್ಲಾಗಿತ್ತು. ಇದು ನೀರಲ್ಲಿ ಕರಗಿ ಹೋಗೋ ವಿಟಮಿನ್ ಅಲ್ಲ, ಮೈಯಲ್ಲೇ ಕೂತ್ಕೊಳ್ಳುತ್ತೆ. ಹೆಚ್ಚಾದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಹೊಡೆತ. ವಾರಕ್ಕೊಂದು ಅಂದ್ರೆ ವಾರಕ್ಕೊಂದೇ. ನೀವಿದ್ದೀರಲ್ಲ, ನನಗೆ ಯೋಚನೆ ಇಲ್ಲ.”

“ನಾನಿದ್ದೀನಲ್ಲ ಡಾಕ್ಟ್ರೇ” ಅಂದ ಒಪ್ಪಿಸಪ್ಪ. ಊರಿನ ಮಾತ್ರೆಗಳಿಗೆಲ್ಲ ಕಾವಲಿರುವವನು ಮನೆಯ ಎಂಟು ಮಾತ್ರೆಗೆ ಕಾವಲಿರಲಾರನೇ?

ಅಂಗಡಿಗೆ ಬಂದು, ಪಟ್ಟಿ ಕತ್ತರಿಸಿ, ಒಂದೊಂದು ಮಾತ್ರೆಯನ್ನು ಒಂದೊಂದು ಪುಟ್ಟ ಕವರಿಗೆ ಹಾಕಿದ. ಪ್ರತಿ ಕವರಿನ ಮೇಲೆ ಗುಂಡಗೆ ಒಂದು, ಎರಡು, ಮೂರು ಎಂದು ಎಂಟರ ತನಕ ನಂಬರು. ಎಂಟನ್ನೂ ಸೇರಿಸಿ ದೊಡ್ಡ ಕವರಿಗೆ ಹಾಕಿ, ಅದರ ಮೇಲೆ “ವಾರಕ್ಕೆ ಒಂದು, ಭಾನುವಾರ” ಎಂದು ಬರೆದು ಅಡಿಗೆರೆ ಎಳೆದ. ಸಂಜೆ ಮಹಡಿ ಹತ್ತಿದಾಗ ಅಕ್ಕ ಒಂದು ದಪ್ಪ ಪುಸ್ತಕದ ಬೆನ್ನಿಗೆ ಅಂಟು ಸವರುತ್ತಿದ್ದಳು.

“ಅಕ್ಕ, ಎಂಟು ಮಾತ್ರೆ ಇದೆ. ಮೇಲೆ ಬರ್ದಿದ್ದೀನಿ.”

“ಹ್ಞೂಂ, ಅಲ್ಲಿಡು. ಅಂಟು ಒಣಗುತ್ತೆ.”

ಒಪ್ಪಿಸು ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಬಂದದ್ದು ಹಾಗೇ ಹಿಂದಕ್ಕೆ ಹೋಯಿತು. ಮುಚ್ಚಳದ ಮೇಲೆ ಅಂಗೈ ಇಟ್ಟು ಮಗ್ಗಿ ಕೇಳುತ್ತಿದ್ದವಳನ್ನು ಪಾಠ ಕೇಳುವುದುಂಟೇ? ಬಾಗಿಲು ಸದ್ದಾಗದಂತೆ ಎಳೆದುಕೊಂಡು ಕೆಳಗಿಳಿದ. ಅಂಗಡಿಯಲ್ಲಿ ವಕೀಲರನ್ನು ಎರಡು ಸಲ ನಿಲ್ಲಿಸಿದ ಗಂಡು, ಮನೆಯ ಮಹಡಿಯಲ್ಲಿ ಇಲಿಮರಿ.

ಅದೇ ವಾರ ಬೀದಿಗೆ ಜ್ವರ ಬಂತು. ಒಬ್ಬರಿಗೆ ಬಂದರೆ ಮನೆ ಮಂದಿಗೆಲ್ಲ. ಮೂಗು ಸೋರುವುದು, ಮೈ ಕೈ ನೋವು, ಮೂರು ದಿನ ಕೆಂಡದಂಥ ಮೈ, ಐದನೆಯ ದಿನಕ್ಕೆ ಬೆವರಿ ಬಿಟ್ಟುಹೋಗುವುದು. ವೈರಸ್ ಜ್ವರ, ಮಲಗಿ, ನೀರು ಕುಡಿಯಿರಿ ಎಂದು ಡಾಕ್ಟರಮ್ಮ ಹೇಳಿ ಹೇಳಿ ಗಂಟಲು ಕೆಡಿಸಿಕೊಂಡರು. ಆದರೆ ಸುಮ್ಮನೆ ಮಲಗಿ ಎಂದರೆ ಯಾರಿಗೆ ಸಮಾಧಾನವಾಗುತ್ತದೆ? ನುಂಗಲು ಏನಾದರೂ ಬೇಕಲ್ಲ. ಆಗ ಬೀದಿಗೆ ವಿಟಮಿನ್ ಡಿ ತಂದವರು ಮೇಷ್ಟ್ರು.

ಮೇಷ್ಟ್ರೆಂದರೆ ಪಕ್ಕದ ಮನೆಯ ನಿವೃತ್ತ ವಿಜ್ಞಾನದ ಮೇಷ್ಟ್ರು. ಒಳ್ಳೆಯ ಮನುಷ್ಯ. ಕಂಡದ್ದನ್ನೆಲ್ಲ ಓದುವವರು, ಓದಿದ್ದನ್ನೆಲ್ಲ ನಂಬುವವರು, ನಂಬಿದ್ದನ್ನೆಲ್ಲ ಹಂಚುವವರು. ಅಂಗಡಿಯ ಮುಂದಿನ ಬೆಂಚು ಅವರ ಪೀಠ. ಬೆಂಚಿನ ಒಂದು ಕಾಲು ಗಿಡ್ಡ, ಅದಕ್ಕೆ ಕೆಮ್ಮಿನ ಔಷಧಿಯ ರಟ್ಟಿನ ಪೆಟ್ಟಿಗೆ ಮಡಚಿ ಇಟ್ಟಿದ್ದಾರೆ. ವಾದ ಜೋರಾದಾಗ ಮೇಷ್ಟ್ರು ಎದ್ದು ಕೂರುವ ರಭಸಕ್ಕೆ ಆ ರಟ್ಟು ಜಾರುತ್ತದೆ, ಮೇಷ್ಟ್ರೂ ಜಾರುತ್ತಾರೆ, ವಾದ ಜಾರುವುದಿಲ್ಲ.

“ಓದಿ ಇದನ್ನ, ಪೇಪರಲ್ಲಿ ಬಂದಿದೆ. ಈ ಜ್ವರ ಜೋರಾಗಿ ಬಂದವರ ರಕ್ತ ನೋಡಿದ್ರೆ ಎಲ್ಲರಿಗೂ ಡಿ ಕಡಿಮೆ. ಡಿ ತುಂಬಿಸಿ, ಜ್ವರ ಓಡುತ್ತೆ. ಇದರಲ್ಲಿ ಅರ್ಥ ಆಗದೆ ಇರೋದು ಏನಿದೆ ಒಪ್ಪಿಸಪ್ಪ?”

“ಆಸ್ಪತ್ರೆಯಲ್ಲಿ ಹತ್ತು ದಿನ ಮಲಗಿದವರಿಗೆಲ್ಲ ಗಡ್ಡ ಉದ್ದ ಇರುತ್ತೆ ಮೇಷ್ಟ್ರೇ. ಗಡ್ಡ ಬೋಳಿಸಿದ್ರೆ ಜ್ವರ ಹೋಗುತ್ತಾ?”

“ಗಡ್ಡಕ್ಕೂ ಡಿಗೂ ಎಲ್ಲಿಂದೆಲ್ಲಿಗೆ!”

“ಅದನ್ನೇ ನಾನೂ ಕೇಳ್ತಿರೋದು. ಕಾಯಿಲೆಯವರು ಮನೆಯೊಳಗೇ ಇರ್ತಾರೆ, ಬಿಸಿಲು ಕಾಣಲ್ಲ, ಡಿ ಕಡಿಮೆ. ಇಲ್ಲ ಅಂದ್ರೆ ಕಾಯಿಲೆಯೇ ಡಿನ ಕೆಳಗಿಳಿಸಿರಬಹುದು. ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಗೆ ಹೇಳ್ತೀರಿ?”

“ಕೆಲವು ಕಡೆ ಕೊಟ್ಟು ನೋಡಿದ್ದಾರೆ, ಒಳ್ಳೇದಾಗಿದೆ.”

“ಇನ್ನು ಕೆಲವು ಕಡೆ ಕೊಟ್ಟು ನೋಡಿದ್ದಾರೆ, ಏನೂ ಆಗಿಲ್ಲ. ಆ ಕಾಗದ ನೀವು ಕತ್ತರಿಸಿ ಇಟ್ಕೊಳ್ಳಲ್ಲ.”

ಹೀಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆ. ಮೇಷ್ಟ್ರಿಗೇ ಜ್ವರ ಬಂತು, ಡಿ ನುಂಗಿದರು, ಐದನೆಯ ದಿನ ಜ್ವರ ಬಿಟ್ಟಿತು. ಮಫ್ಲರು ಸುತ್ತಿಕೊಂಡು ಬೆಂಚಿಗೆ ಬಂದು, ಗೆದ್ದ ಕುಸ್ತಿಯವನ ಹಾಗೆ ಕೂತರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಡಿ ನುಂಗದವರಿಗೂ ಐದನೆಯ ದಿನವೇ ಬಿಟ್ಟಿದೆ ಎಂದು ಒಪ್ಪಿಸಪ್ಪ ಹೇಳಿದ. ಯಾರು ಕೇಳುತ್ತಾರೆ? ಬೀದಿ ಎರಡು ಪಕ್ಷವಾಯಿತು, ಮೇಷ್ಟ್ರ ಪಕ್ಷದಲ್ಲಿ ಜನ ಹೆಚ್ಚು. ಡಾಕ್ಟರ ಚೀಟಿ ಇಲ್ಲದೆ ಆ ದೊಡ್ಡ ಮಾತ್ರೆ ಕೊಡುವುದಿಲ್ಲವೆಂದು ಒಪ್ಪಿಸಪ್ಪ ಹಟ ಹಿಡಿದ. ಜನ ಮುಂದಿನ ಬೀದಿಯ ಅಂಗಡಿಗೆ ಹೋದರು. ಅಪ್ಪನಿಂದ ಅಂಗಡಿ ಬಂದಿದ್ದ ಚಿಕ್ಕ ವಯಸ್ಸಿನ ಯಜಮಾನಿಗೆ ಇದು ಸಹಜವಾಗಿಯೇ ಹಿಡಿಸಲಿಲ್ಲ.

“ಮಾವ, ಬಂದ ಗಿರಾಕಿನ ಹೀಗೆ ಓಡಿಸಿದ್ರೆ ಕೊನೆಗೆ ನಾವಿಬ್ಬರೇ ಮುಖ ಮುಖ ನೋಡ್ಕೊಂಡು ಕೂರ್ಬೇಕಾಗುತ್ತೆ.”

“ಜ್ವರಕ್ಕೆ ಅಂತ ಕೇಳಿದ್ರೆ ಕೊಡಲ್ಲ ಮಗಳೇ. ಕೊರತೆ ಇದೆ ಅಂತ ಚೀಟಿ ತಂದ್ರೆ ಕೊಡ್ತೀನಿ. ನಮ್ಮಕ್ಕನಿಗೇ ಕೊಟ್ಟಿದ್ದೀನಿ. ಹೇಗೆ ಕೊಟ್ಟಿದ್ದೀನಿ? ಎಂಟು ಕವರು, ಎಂಟು ನಂಬರು. ಅದು ಪದ್ಧತಿ.”

ಆ ಪದ್ಧತಿ ಮಹಡಿಯ ಮೇಲೆ ಏನಾಗಿತ್ತೆಂಬುದು ಅವನಿಗೆ ತಿಳಿದದ್ದು ಆಮೇಲೆ. ನಮಗೆ ಈಗಲೇ ತಿಳಿದಿರಲಿ.

ಅಕ್ಕ ಅವತ್ತು ಅಂಟಿನ ಕೈ ತೊಳೆದು ಬಂದು ದೊಡ್ಡ ಕವರನ್ನು ಬಿಚ್ಚಿದಳು. ಒಳ್ಳೆಯ ಗಟ್ಟಿ ಕಾಗದ. ಗಟ್ಟಿ ಕಾಗದವನ್ನು ಎಸೆಯುವುದು ಅವಳ ಜಾಯಮಾನದಲ್ಲೇ ಇಲ್ಲ. ಕನ್ನಡಕ ಹುಡುಕುವ ಗೋಜಿಗೆ ಹೋಗದೆ, ಉದ್ದಕ್ಕೆ ಸೀಳಿ, ಅದೇ ದಪ್ಪ ಪುಸ್ತಕದ ಬೆನ್ನಿಗೆ ಒಳಪಟ್ಟಿಯಾಗಿ ಅಂಟಿಸಿಬಿಟ್ಟಳು. “ವಾರಕ್ಕೆ ಒಂದು, ಭಾನುವಾರ” ಅನ್ನುವುದು ಆ ಪುಸ್ತಕದ ಬೆನ್ನೊಳಗೆ ಶಾಶ್ವತವಾಗಿ ಸೇರಿಕೊಂಡಿತು. ಉಳಿದದ್ದು ಎಂಟು ಪುಟ್ಟ ಕವರು, ನಂಬರು ದೊಡ್ಡದಾಗಿಯೇ ಕಾಣುತ್ತಿತ್ತು. ನಂಬರು ಹಾಕಿದ ಕಟ್ಟುಗಳನ್ನು ನಲವತ್ತು ವರ್ಷ ಜೋಡಿಸಿದವಳಿಗೆ ಅದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದಾದ ಮೇಲೆ ಎರಡು. ಇವತ್ತು ಒಂದು, ನಾಳೆ ಎರಡು. ನಡುವೆ ಆರು ದಿನ ಖಾಲಿ ಬಿಡುವುದುಂಟೇ? ಹಾಗೆ ಬಿಟ್ಟರೆ ಅದೆಂಥ ಬೈಂಡಿಂಗು!

ಮೂರನೆಯ ಕವರಿನ ದಿನ ಅಕ್ಕನಿಗೂ ಜ್ವರ ಬಂತು. ಏಳನೆಯ ಕವರಿನ ದಿನ ಬಿಟ್ಟಿತು. ಎಂಟನೆಯದು ನುಂಗಿ ಮುಗಿಸುವ ಹೊತ್ತಿಗೆ ಅವಳು ಮೇಷ್ಟ್ರ ಪಕ್ಷ ಸೇರಿಯಾಗಿತ್ತು.

“ಮೇಷ್ಟ್ರು ಹೇಳೋದು ಸರಿ ಕಣೋ. ನನಗೇ ಗುಣ ಆಯ್ತಲ್ಲ” ಅಂದಳು ತಮ್ಮನಿಗೆ.

“ಅಕ್ಕ, ಜ್ವರ ತಾನಾಗೇ ಬಿಟ್ಟಿದ್ದು. ನೀನು ನುಂಗಿದ್ದು ಒಂದೋ ಎರಡೋ ಮಾತ್ರೆ, ಅಷ್ಟಕ್ಕೇ…”

“ನಂಬರ್ ಪ್ರಕಾರ ತಗೊಂಡಿದ್ದೀನಿ. ಒಂದೂ ತಪ್ಪಿಲ್ಲ.”

“ಅದು ಗೊತ್ತು, ನೀನು ತಪ್ಪಲ್ಲ” ಅಂದ ಒಪ್ಪಿಸಪ್ಪ ಹೆಮ್ಮೆಯಿಂದ. ಎಷ್ಟನೆಯ ನಂಬರಿನಲ್ಲಿದ್ದೀಯ ಎಂದು ಒಂದು ಮಾತು ಕೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಅಕ್ಕನಿಗೆ ಜ್ವರ ಮರುಕಳಿಸಬಾರದಲ್ಲ. ತಮ್ಮನನ್ನು ಕೇಳಿದರೆ ಅದು ಜ್ವರಕ್ಕಲ್ಲ ಎಂದು ಉಪನ್ಯಾಸ ಕೊಡುತ್ತಾನೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಊರಿಗೆಲ್ಲ ಔಷಧಿ ಕೊಡುವ ತಮ್ಮ ಮನೆಯಲ್ಲಿದ್ದರೂ ಅವಳು, ಹಳೆಯ ಮಾಸಿಕಗಳಿಗೆ ಬೈಂಡು ಹಾಕಿಸಲು ಬಂದ ಮೇಷ್ಟ್ರನ್ನು ಕೇಳಿದಳು. ಮೇಷ್ಟ್ರು ಸಂತೋಷದಿಂದ ತಮ್ಮ ದಾಸ್ತಾನಿನಿಂದ ಹನ್ನೆರಡು ಮಾತ್ರೆ ತಂದುಕೊಟ್ಟರು. ಬೈಂಡಿಂಗಿಗೆ ದುಡ್ಡು ತೆಗೆದುಕೊಳ್ಳದ ಹೆಂಗಸಿಗೆ ಏನಾದರೂ ಕೊಡುವ ಅವಕಾಶ ಸಿಕ್ಕಿತಲ್ಲ ಎಂದು ಅವರಿಗೆ ಒಳಗೊಳಗೇ ಖುಷಿ.

ಮೊದಲು ಗಮನಿಸಿದವಳು ಒಪ್ಪಿಸಪ್ಪನ ಹೆಂಡತಿ.

“ರೀ, ಅತ್ತಿಗೆ ದಿನಕ್ಕೆ ಮೂರು ಸಲ ಹೂಜಿ ತುಂಬಿಸ್ಕೊಂಡು ಹೋಗ್ತಾರೆ. ಇಷ್ಟು ನೀರು ಅವರು ಯಾವತ್ತೂ ಕುಡಿದಿದ್ದಿಲ್ಲ. ಊಟ ಅರ್ಧಕ್ಕೇ ಬಿಡ್ತಾರೆ, ಹೊಟ್ಟೆ ತೊಳಸುತ್ತೆ ಅಂತಾರೆ.”

“ಜ್ವರ ಬಂದು ಹೋಗಿದೆಯಲ್ಲ, ಬಾಯಾರಿಕೆ ಇರುತ್ತೆ. ಬಾಯಿ ರುಚಿನೂ ಕೆಟ್ಟಿರುತ್ತೆ.”

ಇದೇ ಮಾತನ್ನು ಒಬ್ಬ ಗಿರಾಕಿ ಬಂದು ಹೇಳಿದ್ದರೆ ಅವನನ್ನು ನಿಲ್ಲಿಸಿ ಹತ್ತು ಪ್ರಶ್ನೆ ಕೇಳುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ.

ಮೂರು ವಾರ ತುಂಬಿದ ಮೇಲೆ ಒಂದು ಬೆಳಿಗ್ಗೆ ಬೆಂಚಿನಲ್ಲಿ ವಾದ ರಂಗೇರಿತ್ತು. ಅವತ್ತು ಒಪ್ಪಿಸಪ್ಪನ ಕೈ ಮೇಲಾಗಿತ್ತು. ಪಕ್ಕದ ಕ್ಷೌರಿಕ ಕೂಡ ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಿದ್ದ.

“ನಾನು ಡಿಗೆ ವಿರೋಧಿ ಅಲ್ಲ ಮೇಷ್ಟ್ರೇ. ಅಳತೆ ತಪ್ಪೋದಕ್ಕೆ ವಿರೋಧಿ. ಅತಿಯಾದ್ರೆ ಅಮೃತವೂ ವಿಷ. ನೋಡಿ, ನಮ್ಮಕ್ಕನಿಗೂ ಡಿನೇ ಕೊಟ್ಟಿರೋದು. ಆದ್ರೆ ವಾರಕ್ಕೊಂದು. ಈಗ ಮೂರೋ ನಾಲ್ಕೋ ಆಗಿರುತ್ತೆ.”

ಮೇಷ್ಟ್ರು ಕನ್ನಡಕ ತೆಗೆದರು.

“ವಾರಕ್ಕೊಂದಾ? ಅವರು ದಿನಕ್ಕೊಂದು ಅಂದ್ರಲ್ಲ.”

“ಯಾರು?”

“ನಿಮ್ಮಕ್ಕ. ಎಂಟು ದಿನಕ್ಕೆ ತಮ್ಮನೇ ನಂಬರ್ ಹಾಕಿ ಕೊಟ್ಟಿದ್ದ, ಮುಗೀತು ಅಂದ್ರು. ನೀವೇ ಹಾಗೆ ಕೊಟ್ಟಿದ್ದೀರಿ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ನಾನೂ… ಹನ್ನೆರಡು ಕೊಟ್ಟೆ. ಅದೂ ಮುಗ್ದಿರ್ಬೇಕು.”

ಎಂಟು ಮತ್ತು ಹನ್ನೆರಡು. ವಿರೋಧಿಗಳಲ್ಲಿ ವಿರೋಧಿಯಾದ ಮೇಷ್ಟ್ರು ಬೀದಿಯಲ್ಲಿ ಒಬ್ಬನ ಪದ್ಧತಿಯನ್ನು ಕಣ್ಣು ಮುಚ್ಚಿ ನಂಬಿದ್ದರೆ ಅದು ಒಪ್ಪಿಸಪ್ಪನದು. ಕೌಂಟರಿನ ಕತ್ತರಿಗೆ ಯಾರೂ ಒಯ್ಯದಿರಲೆಂದು ದಾರ ಕಟ್ಟಿಟ್ಟವನು ಅವನೇ. ಕತ್ತರಿ ಕೈಯಲ್ಲಿರುವುದು ಮರೆತು ಓಡಲು ಹೋದ, ದಾರ ಜಗ್ಗಿ ಎರಡು ಬಾಟಲಿ ಉರುಳಿದವು. ಕತ್ತರಿ ಬಿಸಾಡಿ, ಚಪ್ಪಲಿಯಿಲ್ಲದೆ ಬೀದಿಗೆ ಬಿದ್ದ. ಹಿಂದಿನಿಂದ ಮೇಷ್ಟ್ರು ಮಫ್ಲರು ಹಿಡಿದುಕೊಂಡು ಓಡಿದರು. ಅವರಿಬ್ಬರೂ ಒಂದೇ ದಿಕ್ಕಿಗೆ ಹೋದದ್ದನ್ನು ಬೀದಿ ಅವತ್ತೇ ಮೊದಲು ನೋಡಿದ್ದು.

ಅಕ್ಕ ಕಿಟಕಿಯ ಬಳಿ ಕೂತು ಮೇಷ್ಟ್ರ ಮಾಸಿಕಗಳನ್ನು ಹೊಲಿಯುತ್ತಿದ್ದಳು. ಪಕ್ಕದಲ್ಲಿ ಖಾಲಿ ಹೂಜಿ.

“ಯಾಕೋ ಹೀಗೆ ಏದುಸಿರು ಬಿಡ್ತೀಯ? ಅಂಗಡಿ ಹೊತ್ಕೊಂಡಿತಾ?”

ಮಾತು ಸರಿಯಾಗಿಯೇ ಇತ್ತು. ಒಂದು ಕ್ಷಣ ಅವನಿಗೆ ಜೀವ ಬಂದಂತಾಯಿತು. ಆಮೇಲೆ ಅವಳ ಕೈಯಲ್ಲಿದ್ದ ಹೊಲಿಗೆಯನ್ನು ನೋಡಿದ. ಎರಡನೆಯ ಸಂಚಿಕೆ, ಮೂರನೆಯದು, ಐದನೆಯದು, ಅದರ ಮೇಲೆ ನಾಲ್ಕನೆಯದು. ಅದರ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ಇಟ್ಟು ಸೂಜಿ ಚುಚ್ಚುತ್ತಿದ್ದಳು. ಅವಳಿಗೆ ಅದು ಕಾಣುತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಒಂದು ಪುಟ ಹಿಂದುಮುಂದು ಮಾಡದ ಕೈ ಅದು. ಒಪ್ಪಿಸಪ್ಪ ಅಕ್ಕನ ಚಪ್ಪಲಿಯನ್ನು ತಾನೇ ಅವಳ ಕಾಲಿಗೆ ಹಾಕಿದ. ಅದೇನು ಅವಸರ ಎಂದು ಬೈಯುತ್ತಿದ್ದವಳನ್ನು ಒಂದು ಕಡೆ ಅವನು, ಇನ್ನೊಂದು ಕಡೆ ಮೇಷ್ಟ್ರು ಹಿಡಿದು ಕೆಳಗಿಳಿಸಿದರು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಕ್ಯಾಲ್ಸಿಯಂ ಮೇಲೇರಿ ಕೂತಿತ್ತು. ಕಿಡ್ನಿ ಆಗಲೇ ಗೊಣಗಲು ಶುರುಮಾಡಿತ್ತು. ಡ್ರಿಪ್ ಹಾಕಿ ಡಾಕ್ಟರಮ್ಮ ಹೊರಗೆ ಬಂದರು.

“ಇಷ್ಟು ಮಾತ್ರೆ ಇವರಿಗೆ ಯಾರು ಕೊಟ್ಟಿದ್ದು?”

“ನಾನು” ಅಂದರು ಇಬ್ಬರೂ ಒಟ್ಟಿಗೆ.

ಡಾಕ್ಟರಮ್ಮ ಒಬ್ಬರ ಮುಖ ನೋಡಿದರು, ಇನ್ನೊಬ್ಬರ ಮುಖ ನೋಡಿದರು. ಬೈಯಲು ಬಂದವರು ಬೈಯದೆ ಬೆಂಚಿನ ತುದಿಯಲ್ಲಿ ಕೂತರು.

“ಇನ್ನೊಂದು ವಾರ ತಡ ಆಗಿದ್ರೆ ನಾನೇನೂ ಹೇಳೋ ಹಾಗಿರಲಿಲ್ಲ. ಈಗ ಇಳಿಯುತ್ತೆ ಅಂತ ಧೈರ್ಯ ಇದೆ. ನಾಳೆ ಸಂಜೆ ಹೊತ್ತಿಗೆ ಗೊತ್ತಾಗುತ್ತೆ.”

ಮೇಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು. “ಡಾಕ್ಟ್ರೇ, ಜ್ವರಕ್ಕೆ ಡಿ ಕೆಲಸ ಮಾಡುತ್ತೋ ಇಲ್ವೋ? ನಿಜ ಹೇಳಿ.”

“ಕೊರತೆ ಇದ್ದವರಿಗೆ ತುಂಬಿಸ್ಬೇಕು, ಅದರಲ್ಲಿ ನೀವು ಸರಿ. ಬಂದ ಜ್ವರನ ಅದು ಓಡಿಸುತ್ತೆ ಅನ್ನೋಕೆ ಸಾಕ್ಷಿ ಸಾಲದು, ಅದರಲ್ಲಿ ಇವರು ಸರಿ. ಇಬ್ಬರೂ ಸರಿ ಇದ್ದು ಒಳಗೆ ಮಲಗಿರೋರು ಮಾತ್ರ ಅವರು.”

ಮರುದಿನ ಸಂಜೆಯ ತನಕ ಇಬ್ಬರೂ ಆ ಬೆಂಚು ಬಿಟ್ಟು ಕದಲಲಿಲ್ಲ. ವಾದ ಮಾಡಲಿಲ್ಲ. ಯಜಮಾನಿ ಅಂಗಡಿ ಮುಚ್ಚಿ ಬಂದು ಇಬ್ಬರಿಗೂ ಟೀ ಕುಡಿಸಿ, ಒಪ್ಪಿಸಪ್ಪನ ಚಪ್ಪಲಿ ಕೊಟ್ಟು ಹೋದಳು. ಮೇಷ್ಟ್ರು ಒಂದೇ ಒಂದು ಸಲ ಬಾಯಿ ತೆಗೆದು, “ಎಲ್ಲರನ್ನೂ ಒಪ್ಸಿ ಅಂತೀರಿ. ಅವರನ್ನ ಯಾಕೆ ಕೇಳಲಿಲ್ಲ?” ಅಂದರು. ಒಪ್ಪಿಸಪ್ಪನಿಗೆ ಉತ್ತರ ಗೊತ್ತಿತ್ತು, ಹೇಳಲು ನಾಚಿಕೆಯಾಯಿತು.

ಸಂಜೆ ಕ್ಯಾಲ್ಸಿಯಂ ಇಳಿಯತೊಡಗಿತು. ಐದನೆಯ ದಿನ ಅಕ್ಕ ಹಾಸಿಗೆಯಲ್ಲಿ ದಿಂಬಿಗೊರಗಿ ಕೂತು, ಪಕ್ಕದ ಹಾಸಿಗೆಯವರ ಪುಸ್ತಕಕ್ಕೆ ಬೈಂಡು ಹಾಕಿದವನು ಯಾವ ಕತ್ತೆ ಎಂದು ವಿಚಾರಿಸುತ್ತಿದ್ದಳು. ಅಂದರೆ ಸಂಪೂರ್ಣ ಗುಣವಾಗಿದ್ದಳು. ಡಿ ಮಾತ್ರೆ ಇನ್ನು ಮುಟ್ಟುವ ಹಾಗಿಲ್ಲ. ಮನೆಗೆ ಹೋಗುವಾಗ ತೆಗೆದುಕೊಳ್ಳಲು ಬೇರೆ ಎರಡು ಔಷಧಿ ಬರೆದಿದ್ದರು. ಒಪ್ಪಿಸಪ್ಪ ಒಂದು ಕೈಯಲ್ಲಿ ಕವರು, ಇನ್ನೊಂದು ಕೈಯಲ್ಲಿ ಹೆಂಡತಿ ಕಳಿಸಿದ ಊಟದ ಡಬ್ಬಿ ಹಿಡಿದು ಹಾಸಿಗೆಯ ಪಕ್ಕದಲ್ಲಿ ನಿಂತ.

“ಮೇಲೆ ಬರ್ದಿದ್ದೀನಿ ಅಕ್ಕ” ಅಂದ. ಅಂದವನು ನಾಲಿಗೆ ಕಚ್ಚಿಕೊಂಡ.

ಅಕ್ಕ ಅವನನ್ನು ದಿಟ್ಟಿಸಿ ನೋಡಿದಳು.

“ಊರವರನ್ನೆಲ್ಲ ಸಾಲಲ್ಲಿ ನಿಲ್ಲಿಸಿ ಒಪ್ಪಿಸಿಕೊಳ್ತೀಯಂತೆ. ನನ್ನನ್ಯಾಕೋ ಬಿಟ್ಟೆ?”

“ನೀನು ಅಕ್ಕ. ನಿನ್ನ ಹೇಗೆ ಕೇಳಲಿ?”

“ನಾನು ನಿನ್ನ ಮಗ್ಗಿ ಕೇಳ್ತಿದ್ದಿದ್ದು ನೀನು ದಡ್ಡ ಅಂತಲ್ಲ ಕಣೋ. ಶೆಡ್ಡಲ್ಲಿ ಇನ್ನೂ ಹತ್ತು ಮಕ್ಕಳು ಬರ್ತಿದ್ವು, ಒಬ್ಬರನ್ನಾದ್ರೂ ಕೇಳಿದ್ದೀನಾ? ಬೇರೆಯವರ ಮಕ್ಕಳನ್ನ ಹಾಗೇ ಬಿಡ್ತಾರೆ. ತನ್ನದು ಅಂದಾಗ ಕೇಳ್ತಾರೆ.”

ಒಪ್ಪಿಸಪ್ಪನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಎರಡು ಕೈಯೂ ಖಾಲಿಯಿರಲಿಲ್ಲ. ಹಾಸಿಗೆಯ ಮೇಲೆ ಡಬ್ಬಿ ಇಟ್ಟ. ಅದರ ಮುಚ್ಚಳದ ಮೇಲೆ ತನ್ನ ಅಂಗೈ ಇಟ್ಟ.

“ಒಪ್ಪಿಸು ಅಕ್ಕ.”

“ಹಸಿವು ಕಣೋ.”

“ಹಸಿವು ಎಲ್ಲೂ ಓಡಿಹೋಗಲ್ಲ. ಒಪ್ಪಿಸು.”

ಅಕ್ಕ ಕನ್ನಡಕ ಹಾಕಿ, ಅವನ ಕೈಯಲ್ಲಿದ್ದ ಕವರಿನ ಮೇಲಿನ ಬರಹವನ್ನು ಒಂದು ಸಲ ಓದಿಕೊಂಡು, ಕೈ ಕಟ್ಟಿ ನೆಟ್ಟಗೆ ಕೂತಳು. “ಬಿಳಿದು ಬೆಳಿಗ್ಗೆ ಒಂದು, ತಿಂಡಿ ಆದ ಮೇಲೆ, ಹತ್ತು ದಿನ. ಹಳದಿದು ರಾತ್ರಿ ಒಂದು, ಐದು ದಿನ” ಅಂದಳು.

“ಹಳದಿದು ದಿನ ಬಿಟ್ಟು ದಿನ.”

“ಹಳದಿದು ದಿನ ಬಿಟ್ಟು ದಿನ.”

“ಮೊದಲಿಂದ ಹೇಳು.”

ಅಕ್ಕ 'ಬಿಳಿದು ಬೆಳಿಗ್ಗೆ ಒಂದು' ಎಂದು ಮೊದಲಿನಿಂದ ಶುರುಮಾಡಿ, ಕೊನೆಯ ತನಕ ತಪ್ಪಿಲ್ಲದೆ ಒಪ್ಪಿಸಿದಳು. ಒಪ್ಪಿಸಪ್ಪ ಮುಚ್ಚಳ ತೆಗೆದು ಡಬ್ಬಿಯನ್ನು ಅವಳ ಮುಂದಕ್ಕೆ ಸರಿಸಿದ.